ಫೋನ್ ಮಾಡಿ ಮಾತಾಡದವರಿಗೆ ಜುಲ್ಮಾನೆ

ಗಂಟೆ ಬಾರಿಸಿ, ಎತ್ತಿದವರ ಜೊತೆ ಒಂದು ಮಾತೂ ಆಡದೆ ಇಟ್ಟುಬಿಡುವುದೂ ಗುನ್ಹೆಯೇ ಎಂದು ನಿಜಾಮ ಸರಕಾರಕ್ಕೆ ತಿಳಿಯಲು ಬಹಳ ದಿನ ಬೇಕಾಯಿತು. ನಮ್ಮ ಮನೆಗೆ ತಿಳಿಯಲು ಅದಕ್ಕಿಂತ ಎರಡು ದಿನ ಹೆಚ್ಚೇ ಬೇಕಾಯಿತು. ಆ ಸಿಟ್ಟು ನನಗೆ ಈಗಲೂ ಆರಿಲ್ಲ. ಆರಿದೆ ಎಂದು ಹೇಳಿದರೆ ಪೂಜೆಗೆ ಕುಳಿತಾಗ ಸುಳ್ಳು ಹೇಳಿದಂತೆ ಆಗುತ್ತದೆ.

ಉದಗೀರದಲ್ಲಿ ಆಗ ಟೆಲಿಫೋನ್ ಇದ್ದದ್ದು ಕೆಲವೇ ಕಡೆ. ತಹಸೀಲ ಕಚೇರಿಯಲ್ಲಿ, ಪೊಲೀಸ್ ಅಮೀನರ ನಾಕಾದಲ್ಲಿ, ಹತ್ತಿ ಕಾರ್ಖಾನೆಯಲ್ಲಿ, ಮತ್ತೆ ಗಂಜ್ ಬಜಾರದ, ಎಂದರೆ ಕಾಳಿನ ಪೇಟೆಯ, ನಾಲ್ಕಾರು ಅಡತ ಅಂಗಡಿಗಳಲ್ಲಿ. ನಮ್ಮ ಮಾವನವರದು ಜೋಳ ತೊಗರಿಯ ಅಡತ, ರೈತರ ಕಾಳು ಮಾರಿಸಿಕೊಟ್ಟು ದಲ್ಲಾಳಿ ತೆಗೆದುಕೊಳ್ಳುವ ವ್ಯಾಪಾರ. ಅಂಗಡಿಯಲ್ಲಿ ಇದ್ದದ್ದು ಸಾಲದೆಂದು ಅವರು ಮನೆಗೂ ಒಂದು ಹಾಕಿಸಿದರು. ಪಡಸಾಲೆಯ ಗೋಡೆಗೆ ಕಟ್ಟಿಗೆಯ ಪೆಟ್ಟಿಗೆ, ಪಕ್ಕಕ್ಕೊಂದು ಹಿಡಿ. ಹಿಡಿ ತಿರುಗಿಸಿದರೆ ಟಪಾಲ ಕಚೇರಿಯಲ್ಲಿ ಗಂಟೆಯಾಗುತ್ತಿತ್ತು. ಅಲ್ಲಿ ಕುಳಿತವನು ಯಾರು ಬೇಕೆಂದು ಕೇಳಿ ತಂತಿ ಜೋಡಿಸುತ್ತಿದ್ದ. ಗಂಜಿನ ಅಂಗಡಿಗಳಿಗೆಲ್ಲ ಸೇರಿ ಒಂದೇ ತಂತಿ, ಆದ್ದರಿಂದ ಅಲ್ಲಿಂದ ಯಾರು ಮಾತಾಡುತ್ತಿದ್ದಾರೆ ಎನ್ನುವುದು ಅವನಿಗೂ ತಿಳಿಯುತ್ತಿರಲಿಲ್ಲ.

ಪೆಟ್ಟಿಗೆ ಕೂಡಿಸಿದ ದಿನ ಮಾವನವರು ಪಡಸಾಲೆಯಲ್ಲಿ ನಿಂತು ಅತ್ತೆಗೆ ಹೇಳಿದರು: "ನೋಡು, ಇದು ವ್ಯಾಪಾರಕ್ಕ ತಂದಿದ್ದು. ಉಂಡ್ರ್ಯಾ, ತಿಂದ್ರ್ಯಾ ಅಂತ ಹರಟಿ ಹೊಡಿಲಾಕ ಅಲ್ಲ. ನಾನೂ ಹೊಡ್ಯಂಗಿಲ್ಲ, ಯಾರೂ ಹೊಡೀಬ್ಯಾಡ್ರಿ."

ಹೇಳಿದ್ದು ಅತ್ತೆಗೆ, ದನಿ ಎತ್ತಿದ್ದು ಅಡುಗೆಮನೆಯಲ್ಲಿದ್ದ ನಮಗೆ ಕೇಳಲೆಂದು. ಮಾವ ಸೊಸೆಯಂದಿರ ಜೊತೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾವೂ ಅವರೆದುರು ಬಾಯಿ ತೆರೆಯುವಂತಿರಲಿಲ್ಲ. ನಾನು ವಲಾಂಡಿಯಿಂದ ಹಿರಿಯ ಸೊಸೆಯಾಗಿ ಆ ಮನೆಗೆ ಬಂದು ಹನ್ನೊಂದು ವರುಷವಾಗಿತ್ತು. ಹನ್ನೊಂದು ವರುಷದಲ್ಲಿ ಅವರಿಗೆ ನಾನು ಹೇಳಿದ ಮಾತು ಒಂದೂ ಇಲ್ಲ.

ಅತ್ತೆ ಆ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. "ಮಾರಿ ಕಾಣದ ಮಾತು ನನಗ ಬ್ಯಾಡವ್ವಾ," ಎಂದು ದೂರದಿಂದಲೇ ಕೈಮುಗಿದುಬಿಟ್ಟರು. ನಾನು ಮಧ್ಯಾಹ್ನದವರೆಗೆ ಒಲೆಯ ಮುಂದೆ ಇರುವವಳು. ಹೀಗಾಗಿ ಗಂಟೆಯಾದರೆ ಎತ್ತುವ ಕೆಲಸ ನನ್ನ ನೆಗೆಣ್ಣಿಯ ಪಾಲಿಗೆ ಬಂತು. ಮೈದುನನ ಹೆಂಡತಿ, ತುರೋರಿಯ ಹುಡುಗಿ. ಮದುವೆಯಾಗಿ ವರುಷ ತುಂಬಿರಲಿಲ್ಲ. ಮಾವನವರ ತಾಯಿ, ನಮ್ಮೆಲ್ಲರ ಅಜ್ಜಿ, ಕೈಕಾಲು ಬಿದ್ದು ಪಡಸಾಲೆಯಲ್ಲೇ ಮಲಗಿದ್ದರು. ಅವರಿಗೆ ಅಂಬಲಿ ಕುಡಿಸುವುದು, ಬಾಯಿ ಒರೆಸುವುದು, ಬೈಸಿಕೊಳ್ಳುವುದು ಎಲ್ಲವೂ ಆಕೆಯದೇ. ಅಜ್ಜಿಯ ಹೊರಸು ಇದ್ದದ್ದು ಪೆಟ್ಟಿಗೆಯ ಕೆಳಗೇ.

ಅಜ್ಜಿ ಹಾಸಿಗೆ ಹಿಡಿದ ಮೇಲೆಯೇ ಆ ಫೋನು ಸುರುವಾಯಿತು. ಗಂಡಸರು ಗಂಜಿಗೆ ಹೋಗಿ, ಅಜ್ಜಿಯ ಅಂಬಲಿಯ ಹೊತ್ತಾಗಿ, ಮಧ್ಯಾಹ್ನ ಗಂಟೆ. ನೆಗೆಣ್ಣಿ ಕೈ ಒರೆಸಿಕೊಂಡು ಎದ್ದು ಎತ್ತುತ್ತಿದ್ದಳು. ಆ ಕಡೆ ಮಾತಿಲ್ಲ.

"ಯಾರಂತ?" ಅತ್ತೆ ಕೇಳುತ್ತಿದ್ದರು.

"ಯಾರೂ ಇಲ್ರಿ ಅತ್ತಿ. ಉಸುರು ಅಷ್ಟೇ ಕೇಳತದ."

"ಉಸುರು ಬಿಡಲಾಕ ಫೋನ್ ಯಾಕ ಬೇಕಂತ ಅಂವಗ? ಇಡು ಕೆಳಗ."

ಮೊದಲ ಎರಡು ದಿನ ನಕ್ಕೆವು. ಆಮೇಲೂ ದಿನಾ ಬಂತು, ಅದೇ ಹೊತ್ತಿಗೆ. ಒಂದು ವಾರ ಕಳೆದ ಮೇಲೆ ನೆಗೆಣ್ಣಿ ಮುಖ ಸಣ್ಣ ಮಾಡಿಕೊಂಡು ಒಳಗೆ ಬಂದಳು. "ಯಕ್ಕಾ, ಇವತ್ತ ಅಂವಾ ಕೆಮ್ಮಿದ ನೋಡ್ರಿ."

ಅದನ್ನು ಕೇಳಿ ಅತ್ತೆಯ ಮೋರೆ ಕಪ್ಪಿಟ್ಟಿತು. ಬಾವಿಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ ಕಟ್ಟೆಯ ಮೇಲೆ ಕುಳಿತು ಕೆಮ್ಮುವ ಪೋಕರಿಗಳು ಎಲ್ಲ ಊರಲ್ಲೂ ಇರುತ್ತಾರೆ. ಆ ಕೆಮ್ಮಿಗೆ ಏನರ್ಥ ಎಂದು ಹೆಣ್ಣಾದವಳಿಗೆ ಹೇಳಿಕೊಡಬೇಕಾಗಿಲ್ಲ. ಈಗ ಅಂಥವನು ತಂತಿಯೊಳಗಿಂದ ನಮ್ಮ ಪಡಸಾಲೆಗೇ ಬಂದನಲ್ಲ ಎಂದು ನನ್ನ ರಕ್ತ ಕುದಿಯಿತು. ಬಾವಿಯ ದಾರಿಯಲ್ಲಾದರೆ ಕಲ್ಲಾದರೂ ಎತ್ತಬಹುದು. ಇವನಿಗೆ ಏನು ಎತ್ತುವುದು?

ಹಾಗೆಂದು ಎತ್ತದೆ ಬಿಡುವಂತೆಯೂ ಇಲ್ಲ. ಗಂಟೆ ಸುಮ್ಮನೆ ಬಡಿದುಕೊಂಡರೆ ಟಪಾಲ ಕಚೇರಿಯವನು ಸಂಜೆ ಅಂಗಡಿಗೆ ಹೋಗಿ, ನಿಮ್ಮ ಮನೆಯಲ್ಲಿ ಎಲ್ಲರೂ ಸತ್ತಿದ್ದಾರೆಯೇ ಎಂದು ಕೇಳಿ ಬರುತ್ತಿದ್ದ. ಈ ಸುದ್ದಿಯನ್ನು ಮಾವನವರ ಕಿವಿಗೆ ಹಾಕಬಾರದೆಂದು ಅತ್ತೆ ಆಣೆ ಇಟ್ಟರು. ಹೆಣ್ಣುಮಕ್ಕಳ ವಿಷಯ, ಹಿರಿಯರು ಏನೆಂದುಕೊಂಡಾರು ಎಂದು.

ಅದೇ ಹೊತ್ತಿಗೆ ಗಂಜಿನಲ್ಲೂ ಇದೇ ಕಾಟವಿತ್ತು. ಅಲ್ಲಿ ಮಾಲಿನ ಧಾರಣಿಯನ್ನು ಬಾಯಿಂದ ಹೇಳುವುದಿಲ್ಲ. ಅಡತಿಯವನೂ ಕೊಳ್ಳುವವನೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಧಾರಣಿ ಮುರಿಯುತ್ತಾರೆ. ಹೀಗೆ ಕೈ ಹಿಡಿದಾಗಲೇ ಗಂಟೆಯಾಗಿ, ಕೈಬಿಟ್ಟು ಓಡಿಹೋಗಿ ಎತ್ತಿದರೆ ಆ ಕಡೆ ಯಾರೂ ಇಲ್ಲ. ತಿರುಗಿ ಬರುವಷ್ಟರಲ್ಲಿ ಕೊಳ್ಳುವವನ ಕೈ ಇನ್ನೊಬ್ಬರ ಟವೆಲಿನ ಕೆಳಗೆ. ಮಾವನವರು ಇದನ್ನು ಊಟಕ್ಕೆ ಕುಳಿತು ದಿನಾ ಬೈಯುತ್ತಿದ್ದರು. ಸಾಹುಕಾರರೆಲ್ಲ ಸೇರಿ ಅಮೀನರ ಹತ್ತಿರ ಹೋದರಂತೆ. ಫೋನಿನಲ್ಲಿ ಬೈದವನಿಗೆ ಜುಲ್ಮಾನೆ ಇದೆ, ಸುಮ್ಮನಿದ್ದವನಿಗೆ ಏನೂ ಇಲ್ಲ ಎಂದು ಅಮೀನರು ನಕ್ಕರಂತೆ. "ಕ್ಯಾ ಬೋಲಾ ಉಸ್ನೆ? ಕುಛ್ ನಹೀ ಬೋಲಾ? ತೋ ಮೈ ಲಿಖೂಂ ಕ್ಯಾ?" ಏನೂ ಅನ್ನದವನ ಮೇಲೆ ಏನು ಬರೆಯಲಿ ಎಂದು.

ಈ ಮಾತನ್ನು ನಮ್ಮ ಮನೆಯವರು, ನನ್ನ ಗಂಡ, ನಗುತ್ತಾ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದೆ. "ಬರೀಲಾಕ ಏನಿಲ್ಲಂತ? ಒಂದು ವಾರ ಆ ಪೋರಿ ನಿದ್ದಿ ಮಾಡಿಲ್ಲ, ಅದನ್ನ ಬರೀರಿ ಅಂತ ಹೇಳಬೇಕಿತ್ತು," ಎಂದೆ. ಅವರು ಇನ್ನೊಂದು ರೊಟ್ಟಿಗೆ ತಟ್ಟೆ ಚಾಚಿದರು.

ಕಡೆಗೆ ಮಾವನವರೇ ಮುಂದಾಗಿ ತಹಸೀಲದಾರರಿಗೆ ದರಖಾಸ್ತು ಬರೆಸಿದರು. ಜುಲ್ಮಾನೆ ಹೆಚ್ಚು ಮಾಡಬೇಕು, ಮಾತಾಡದೆ ಇಡುವವರಿಗೂ ಹಾಕಬೇಕು, ತಿರುಗಿ ಮಾಡಿದರೆ ತಂತಿಯನ್ನೇ ಕಿತ್ತುಕೊಂಡು ಹೋಗಬೇಕು ಎಂದು. ಮೊದಲ ಸಹಿ ಅವರದೇ. ಆ ಸಂಜೆ ಪೂಜೆಗೆ ಕುಳಿತಾಗ ನಾನು ಅದನ್ನು ಲೆಕ್ಕಕ್ಕೆ ಹಿಡಿದೆ. ದಿನವಿಡೀ ಶಿವ ಕೊಟ್ಟ ಸಣ್ಣಪುಟ್ಟದ್ದನ್ನು ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಅಜ್ಜಿ ಅರ್ಧ ಬಟ್ಟಲು ಅಂಬಲಿ ಕುಡಿದರು, ನಮ್ಮ ಮಾವನವರಂಥ ಹಿರಿಯರು ತಿಳಿಯದೆಯೇ ಹೆಣ್ಣುಮಕ್ಕಳ ಕಷ್ಟಕ್ಕೂ ಸಹಿ ಹಾಕಿದರು. ಹಾಗೆಂದು ಎಣಿಸಿ ಕೈಮುಗಿದೆ.

ಅಷ್ಟರಲ್ಲಿ ಟಪಾಲ ಕಚೇರಿಯವನು ತನ್ನ ಬಾಯಿಯ ಕೆಲಸ ಮುಗಿಸಿದ್ದ. ಎಲೆ ಅಂಗಡಿಯಲ್ಲಿ ನಿಂತು, ಆ ಸಾಹುಕಾರರ ಸಣ್ಣ ಸೊಸೆಗೆ ದಿನಾ ಮಧ್ಯಾಹ್ನ ಗಂಜಿನಿಂದ ಫೋನ್ ಬರುತ್ತದೆ ಎಂದು ಹೇಳಿದನಂತೆ. ಯಾರದು ಎಂದು ಕೇಳಿದವರಿಗೆ, "ತಂತ್ಯಾಗ ಎಲ್ಲಾರ ದನಿ ಡಬ್ಬ್ಯಾಗಿನ ದನಿ, ನಾ ಹ್ಯಾಂಗ ಹೇಳಲಿ? ಎತ್ತಾಕಿ ಅಂತೂ ಆಕೀನೇ," ಎಂದು ಎಲೆ ಮಡಿಸಿ ಬಾಯಿಗಿಟ್ಟನಂತೆ. ಇದು ಮೈದುನನ ಕಿವಿಗೆ ಬಿತ್ತು. ಅವನು ಮನೆಗೆ ಬಂದು ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ. ನೇರ ಅತ್ತೆಯ ಹತ್ತಿರ ಹೋಗಿ, "ಗುರುವಾರ ಗಾಡಿ ಹೇಳೀನಿ. ಆಕೀನ್ನ ತುರೋರಿಗಿ ಕಳಸು," ಎಂದ.

ಹಬ್ಬವಿಲ್ಲ, ಕರೆಯಲು ಅಣ್ಣ ಬಂದಿಲ್ಲ, ಬಸುರಿ ಅಲ್ಲ. ಅಂಥ ಹುಡುಗಿಯನ್ನು ಟ್ರಂಕು ಸಮೇತ ತವರಿಗೆ ಇಳಿಸಿ ಬಂದರೆ ಅದರರ್ಥ ಏನೆಂದು ತುರೋರಿಯ ಕೂಸಿಗೂ ಗೊತ್ತಾಗುತ್ತದೆ. ಆಕೆಯ ಹಿಂದೆ ಮದುವೆಗೆ ಬೆಳೆದ ಇಬ್ಬರು ತಂಗಿಯರಿದ್ದರು. ಹೋದವಳನ್ನು ಯಾರು, ಯಾವಾಗ ಕರೆದುಕೊಂಡು ಬರುತ್ತಾರೆ ಎಂದು ಕೇಳಿದರೆ ಮೈದುನ ಚಪ್ಪಲಿ ಮೆಟ್ಟಿ ಹೊರಟುಹೋದ.

ಅವಳು ಬೂದಿ ಬಳಿದ ತಾಮ್ರದ ಕೊಡ ಹಿಡಿದುಕೊಂಡೇ ನನ್ನ ಪಕ್ಕದಲ್ಲಿ ಕುಳಿತಳು. "ಯಕ್ಕಾ, ಎತ್ತಲಿಲ್ಲಂದ್ರ ಟಪಾಲ ಕಚೇರಿಯಂವಾ ಬೈತಾನ, ಎತ್ತಿದ್ರ ಇವರು ಕಳಸ್ತಾರ. ನಾ ಏನ ಮಾಡಬೇಕಿತ್ತು ಹೇಳ್ರಿ?"

ಮಂಗಳವಾರ ಮಧ್ಯಾಹ್ನ ಒಲೆ ಆರಿಸಿ, ಅಜ್ಜಿಯ ಹೊರಸಿನ ಹತ್ತಿರ ನಾನೇ ಹೋಗಿ ಕುಳಿತೆ. ಇವತ್ತು ಅವನಿಗೆ ಏಳು ಹುಟ್ಟಿಗೂ ಮರೆಯದ ಹಾಗೆ ಬೈಯಬೇಕು, ಬೈದ ಜುಲ್ಮಾನೆ ನನ್ನ ಮೇಲೆ ಬಿದ್ದರೂ ಬೀಳಲಿ ಎಂದು ಬೈಗುಳಗಳನ್ನು ಸಾಲಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಗಂಟೆಯಾಯಿತು. ಎತ್ತಿ ಕಿವಿಗೆ ಹಿಡಿದೆ. ನನ್ನ ಬಳೆಗಳು ಪೆಟ್ಟಿಗೆಗೆ ತಾಗಿ ಸಪ್ಪಳವಾಯಿತು. ಆ ಕಡೆ ಉಸಿರು. ಆಮೇಲೆ ಕೆಮ್ಮು. ಒಂದು ಸಣ್ಣದು, ಒಂದು ದೊಡ್ಡದು.

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಯಾಕೆಂದರೆ ನನ್ನ ಎಡಗೈ ನನ್ನನ್ನು ಕೇಳದೆ ತಾನೇ ಎದ್ದು ಸೆರಗನ್ನು ಹಣೆಯವರೆಗೆ ಎಳೆದುಬಿಟ್ಟಿತ್ತು. ಹನ್ನೊಂದು ವರುಷ ದಿನಾ ಸಂಜೆ ಹೊಸ್ತಿಲ ಆಚೆ ಆ ಕೆಮ್ಮು ಕೇಳಿದ್ದೇನೆ. ಒಂದು ಸಣ್ಣದು, ಒಂದು ದೊಡ್ಡದು. ಮಾವನವರು ಒಳಗೆ ಬರುತ್ತಿದ್ದಾರೆ, ಸೊಸೆಯಂದಿರು ಸೆರಗು ಹೊದ್ದು ಒಳಗಾಗಬೇಕು ಎನ್ನುವುದಕ್ಕೆ ಅದೇ ಸೂಚನೆ. ಕೇಳಿದರೆ ಕೈ ಏಳುತ್ತದೆ, ತಲೆಗೆ ಅಲ್ಲಿ ಕೆಲಸವಿಲ್ಲ. ಹೊಸದಾಗಿ ಬಂದ ಹುಡುಗಿಗೆ ಆ ಕೆಮ್ಮು ಇನ್ನೂ ಕೈಗೆ ಇಳಿದಿರಲಿಲ್ಲ.

ಕೆಳಗೆ ಅಜ್ಜಿ ಗೊಣಗಿದರು: "ಇದಕ್ಕ ಉಪ್ಪೇ ಇಲ್ಲ ನೋಡ, ಯಾರ ಮಾಡ್ಯಾರ ಇದನ್ನ?" ಅದನ್ನು ಕೇಳಿದ ಮೇಲೆ ಆ ಕಡೆ ಫೋನ್ ಮೆತ್ತಗೆ ಇಟ್ಟ ಸಪ್ಪಳವಾಯಿತು.

ಆಗ ಎಲ್ಲವೂ ಅರ್ಥವಾಯಿತು. ತಾಯಿ ಉಂಡಳೇ ಎಂದು ಕೇಳಲು ಮಗ ಮಾಡುತ್ತಿದ್ದ ಫೋನು ಅದು. ಎತ್ತಿದವರು ಅತ್ತೆಯಾಗಿದ್ದರೆ ಕೇಳುತ್ತಿದ್ದರೇನೋ. ಬಳೆಯ ಸಪ್ಪಳದಿಂದ ಸೊಸೆ ಎಂದು ತಿಳಿದು ಮಾತು ಬಿಟ್ಟರು, ಆಮೇಲಾಮೇಲೆ ಪದ್ಧತಿಯಂತೆ ಕೆಮ್ಮಲೂ ತೊಡಗಿದರು. ಅಜ್ಜಿಯ ದನಿ ಕಿವಿಗೆ ಬಿದ್ದರೆ ಸಾಕಾಗಿತ್ತು ಅವರಿಗೆ. ಹರಟೆ ಹೊಡೆಯುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ ಬಾಯಿಯಲ್ಲಿ, ಅಂಬಲಿ ಕುಡಿದಳೇ ಎಂದು ನಾನು ಫೋನ್ ಮಾಡುತ್ತೇನೆ ಎಂದು ಹೇಳಲು ನಾಚಿಕೆ.

ಅತ್ತೆಗೂ ನೆಗೆಣ್ಣಿಗೂ ಹೇಳಿದೆ, ಕಾರಣ ಕೇಳಿ ಅತ್ತೆ ಮೆತ್ತಗಾದರು. ನಾನು ಆಗಲಿಲ್ಲ. ತಾಯಿಯ ಮೇಲೆ ಪ್ರೀತಿ ಇದ್ದರೆ ಒಳ್ಳೆಯದೇ, ಆದರೆ ಆ ಪ್ರೀತಿಗೆ ಯಾರದೋ ಮಗಳು ಯಾಕೆ ಬೆಲೆ ತೆರಬೇಕು?

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ, ಆಮೇಲೆ ಹೆದರಿದರು. ಅದೇ ದಿನ ಬೆಳಿಗ್ಗೆ ತಹಸೀಲ ಕಚೇರಿಯ ಗೋಡೆಗೆ ಜಾಹೀರನಾಮೆ ಹಚ್ಚಿದ್ದರು. ಜುಲ್ಮಾನೆ ಎರಡು ಪಟ್ಟು, ಮಾತಾಡದವರಿಗೂ ಅನ್ವಯ. ಊರೆಲ್ಲ ಮಾವನವರನ್ನು ಹೊಗಳುತ್ತಿತ್ತು. "ಇವತ್ತೇ ಹೋಗಿ ಅಪ್ಪಗ ಏನಂತ ಹೇಳಲಿ? ನೀವು ಹಚ್ಚಿಸಿದ ಕಾಯಿದೆಗಿ ನೀವೇ ಮೊದಲ ಗುನ್ಹೆಗಾರ ಅಂತನಾ?"

"ಹಾಂ, ಹಂಗೇ ಹೇಳ್ರಿ."

ಅತ್ತೆ ನನ್ನ ಕೈ ಹಿಡಿದುಕೊಂಡರು. "ಹಿರಿಯರ ಮಾನದ ಮಾತವ್ವಾ, ಸಣ್ಣಂವಗೂ ಹೇಳಬ್ಯಾಡ. ಆಕಿ ನಾಕ ದಿನ ತವರಿಗಿ ಹೋಗಿ ಬರ್ಲಿ, ತಣ್ಣಗಾಗ್ತದ."

"ಆಕಿಗಿ ಮಾನ ಇಲ್ಲೇನ್ರಿ ಅತ್ತಿ?" ಎಂದೆ. ಅವರು ನನ್ನ ಕೈ ಬಿಟ್ಟು ಸೆರಗು ಸರಿಮಾಡಿಕೊಂಡರು. ಅವರಾದರೂ ಏನು ಮಾಡಿಯಾರು, ಆ ಪಡಸಾಲೆಯಲ್ಲಿ ಅವರೂ ಮೂವತ್ತು ವರುಷ ಸೆರಗು ಎಳೆದುಕೊಂಡವರೇ.

ಊಟವಾದ ಮೇಲೆ ನಮ್ಮ ಮನೆಯವರು ಕಟ್ಟೆಯ ಮೇಲೆ ತಂದೆಯ ಹತ್ತಿರ ಕುಳಿತು ಅರ್ಧ ಹೇಳಿದರು. ಮಧ್ಯಾಹ್ನ ಯಾರೋ ಫೋನ್ ಮಾಡಿ ಕೆಮ್ಮುತ್ತಾರಂತೆ, ಊರಲ್ಲಿ ಮಾತಾಗಿದೆ, ತಮ್ಮ ಆಕೆಯನ್ನು ಗುರುವಾರ ತುರೋರಿಗೆ ಕಳಿಸುತ್ತಾನಂತೆ ಎಂದು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವನವರು "ಹೂಂ" ಎಂದರು. ಅಡಕೆ ಕತ್ತರಿಸಿದರು. ಮತ್ತೊಂದು ಸಲ "ಹೂಂ" ಎಂದರು. ಅಷ್ಟೇ.

ಬುಧವಾರ ಫೋನ್ ಬರಲಿಲ್ಲ. ಅದನ್ನೇ ಅತ್ತೆ ದೊಡ್ಡದು ಮಾಡಿ, "ನೋಡು, ನಿಂತಿತಲ್ಲ," ಎಂದರು. ಫೋನೇನೋ ನಿಂತಿತು, ಗಾಡಿ ನಿಂತಿರಲಿಲ್ಲ. ಆ ಸಂಜೆ ಪೂಜೆಗೆ ಕುಳಿತರೆ ನನಗೆ ಎಣಿಸಲು ಒಂದೂ ಸಿಗಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದುಕೊಂಡು, ಇವರಿಗೆ ಬಾಯಿ ಕೊಡಪ್ಪಾ ಎಂದು ಬೇಡಿಕೊಂಡೆ. ಬೇಡಿಕೊಳ್ಳುತ್ತಲೇ ಅನ್ನಿಸಿತು, ಬಾಯಿ ನನಗೂ ಕೊಟ್ಟಿದ್ದಾನಲ್ಲ.

ಗುರುವಾರ ಬೆಳಿಗ್ಗೆ ಗಂಡಸರು ಗಂಜಿಗೆ ಹೋದರು. ಹೊತ್ತೇರಿದ ಮೇಲೆ ಗಾಡಿ ಬಂತು. ನಿಲಂಗಾದಲ್ಲಿ ಮುಕ್ಕಾಂ ಮಾಡಿ, ಅಲ್ಲಿಂದ ಉಮರ್ಗಾ ದಾರಿ ಹಿಡಿಯಬೇಕು. ಗಾಡಿ ಹೊಡೆಯುವವನು ಬೀರಪ್ಪ ದೇವರ ಒಕ್ಕಲಿನ ಮುದುಕ, ಹಣೆ ತುಂಬ ಭಂಡಾರದ ಅರಿಶಿನ. ಅಂಗಳದಿಂದಲೇ ಕೂಗಿದ: "ಯವ್ವಾ, ಬಿಸಿಲು ಏರಲತ್ತದ. ಹೊಂಡೋದಾ ಇಲ್ಲಾ ಎತ್ತ ಬಿಚ್ಚಲ್ಯಾ, ಒಂದು ಹೇಳ್ರಿ!"

"ಬಿಚ್ಚು," ಎಂದು ನಾನು ಹೇಳಿ, ಪಡಸಾಲೆಗೆ ಹೋಗಿ ಪೆಟ್ಟಿಗೆಯ ಹಿಡಿ ತಿರುಗಿಸಿದೆ. ಅತ್ತೆ ಹೌಹಾರಿದರು.

"ಕೋಣ?" ಎಂದಿತು ಟಪಾಲ ಕಚೇರಿಯ ದನಿ, ಯಾರು ಎಂದು ಮರಾಠಿಯಲ್ಲಿ.

"ಗಂಜಿನ ದುಕಾನಕ್ಕ ಹಚ್ಚು."

"ಗಂಜಿನಾಗ ನಾಕಾರು ದುಕಾನ ಅವ ಬಾಯಾರ. ಯಾರ ದುಕಾನ?"

ಅಲ್ಲಿಗೆ ಸಿಕ್ಕಿಬಿದ್ದೆ. ಮಾವನ ಹೆಸರು ಬಾಯಿಂದ ಹೇಳುವಂತಿಲ್ಲ, ಗಂಡನ ಹೆಸರಂತೂ ಇಲ್ಲವೇ ಇಲ್ಲ. ಒಂದೇ ದಿನ ಎಲ್ಲ ಪದ್ಧತಿ ಮುರಿಯಲು ನನಗೂ ಧೈರ್ಯವಾಗಲಿಲ್ಲ. "ಎಲಿ ಅಂಗಡ್ಯಾಗ ನಿಂತು ಯಾರ ಸಣ್ಣ ಸೊಸಿ ಮಾತು ಊರಿಗೆಲ್ಲಾ ಹಂಚಿದಿ, ಅವರ ದುಕಾನ. ಈಗ ಗೊತ್ತಾತಾ?"

ತಂತಿ ಎಂದೂ ಇಷ್ಟು ಬೇಗ ಜೋಡಿಸಿದ್ದಿಲ್ಲ ಅವನು.

ಎತ್ತಿದವರು ಮಾವನವರೇ. ನನ್ನ ಬಳೆ ಸಪ್ಪಳ ಕೇಳಿರಬೇಕು, ಕೆಮ್ಮಿದರು. ಈ ಸಲ ನಾನು ಕೈಯನ್ನು ಏಳಗೊಡಲಿಲ್ಲ.

"ಮಾವಾರ, ನಾ ದೊಡ್ಡ ಸೊಸಿ. ಅಜ್ಜಿ ಅಂಬಲಿ ಕುಡಿದಾಳ, ಆರಾಮ ಅದಾಳ. ಕುಡಿಸಿದಾಕಿ ಟ್ರಂಕ ಕಟ್ಟಿ ಹೊಸ್ತಲದಾಗ ಕುಂತಾಳ. ನೀವು ಕೆಮ್ಮಿದ್ದು ನಿಮಗೂ ಗೊತ್ತದ, ನನಗೂ ಗೊತ್ತದ. ಮಾತಾಡದವರಿಗಿ ಜುಲ್ಮಾನಿ ಹಾಕ್ರಿ ಅಂತ ಸಹಿ ಮಾಡಿದವರು ನೀವೇ. ಮನಿಗಿ ಬಂದು ಮಾತಾಡ್ರಿ."

ಆ ಕಡೆ ಗುಮಾಸ್ತನೊಬ್ಬ ತೊಗರಿ ಚೀಲದ ತೂಕ ಕೂಗುವುದು ಕೇಳುತ್ತಿತ್ತು. ನಾನೇ ಫೋನು ಇಟ್ಟೆ. ಅತ್ತೆ ಗೋಡೆಗೆ ಒರಗಿ, "ಮುಗೀತು, ನಿಂದೂ ಟ್ರಂಕ ಕಟ್ಟಿಕೋ," ಎಂದರು.

ಒಂದು ತಾಸಿನೊಳಗೆ ಮಾವನವರು ಬಂದರು, ಹಿಂದೆ ಮೈದುನ. ಹೊಸ್ತಿಲ ಆಚೆ ಕೆಮ್ಮಲಿಲ್ಲ. ಹಾಗಾಗಿ ನಾವು ಯಾರೂ ಒಳಗೆ ಹೋಗಿರಲಿಲ್ಲ. ಟ್ರಂಕಿನ ಪಕ್ಕದಲ್ಲಿ ಕುಳಿತ ಹುಡುಗಿ ಗಡಬಡಿಸಿ ಎದ್ದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವರು ಅತ್ತೆಯ ಕಡೆ ತಿರುಗಿದರು, ರೂಢಿಯಂತೆ. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಅತ್ತೆಯನ್ನು ಬಿಟ್ಟು ಆ ಹುಡುಗಿಯ ಕಡೆಗೇ ತಿರುಗಿದರು.

"ಯವ್ವಾ, ಫೋನ್ ಮಾಡತಿದ್ದಂವ ನಾ. ಬ್ಯಾರೆ ಯಾವನೂ ಅಲ್ಲ. ಗಂಜಿನ್ಯಾಗೂ ಹೇಳಿ ಬಂದೀನಿ."

ಮೈದುನ ನೆಲ ನೋಡುತ್ತಿದ್ದ. ಇದಾದರೂ ಆಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಸೆರಗಿನೊಳಗಿಂದ ಆಕೆಯ ದನಿ ಬಂತು. ಸಣ್ಣದಾಗಿತ್ತು, ಆದರೆ ನಡುಗಲಿಲ್ಲ.

"ಮಂಗಳವಾರ ನಿಮಗ ಗೊತ್ತಾಗಿತ್ತಂತಲ್ರಿ. ಇವತ್ತ ಗುರುವಾರ."

ಅದಕ್ಕೆ ಉತ್ತರ ಜಾಹೀರನಾಮೆಯಲ್ಲೂ ಇರಲಿಲ್ಲ. ಗಂಟೆ ಬಾರಿಸಿ ಸುಮ್ಮನಿದ್ದವನಿಗೆ ಸರಕಾರ ಜುಲ್ಮಾನೆ ಹಾಕಿತು, ಎರಡು ಪಟ್ಟು ಮಾಡಿತು, ನಾಲ್ಕು ಪಟ್ಟು ಮಾಡಿದರೂ ನಾನು ಬೇಡ ಎನ್ನುತ್ತಿರಲಿಲ್ಲ. ಆದರೆ ತನ್ನ ತಪ್ಪು ಇನ್ನೊಬ್ಬರ ತಲೆಗೆ ಬಿದ್ದದ್ದನ್ನು ಎರಡು ದಿನ ನೋಡುತ್ತಾ ಅಡಕೆ ಕತ್ತರಿಸಿದವನಿಗೆ ಎಷ್ಟು? ಆ ಬಾಬತ್ತು ಯಾವ ಕಾಗದದಲ್ಲೂ ನಾನು ಕಂಡಿಲ್ಲ. ಮಾವನವರು ಕೆಟ್ಟವರಲ್ಲ, ದಾನಧರ್ಮ ಬಲ್ಲವರು, ಜಂಗಮರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಅದಕ್ಕೇ ನನಗೆ ಸಿಟ್ಟು. ಕೆಟ್ಟವನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಜುಲ್ಮಾನೆಯನ್ನು ಆ ಹುಡುಗಿಯೇ ಹಾಕಿದಳು. ಟ್ರಂಕನ್ನು ತಾನು ಎತ್ತಲಿಲ್ಲ. ಮೈದುನ ನಿಂತು ನಿಂತು ನೋಡಿ, ಕಡೆಗೆ ತಾನೇ ಹೊತ್ತುಕೊಂಡು ಒಳಗೆ ಇಟ್ಟು ಬಂದ. ಆಮೇಲೆ ಆಕೆ ಅತ್ತೆಗೆ ಹೇಳಿದಳು: "ಅಜ್ಜಿ ಕೆಲಸ ಎಲ್ಲಾ ಮಾಡತೀನ್ರಿ ಅತ್ತಿ. ಆ ಗಂಟಿಗಿ ಮಾತ್ರ ಇನ್ನ ನಾ ಏಳಂಗಿಲ್ಲ." ಆ ಮನೆಯಲ್ಲಿ ಆಕೆ ಎಷ್ಟು ವರುಷ ಇದ್ದರೂ ಒಂದು ಸಲವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೆ ಒಲೆಯ ನೆಪವಿತ್ತು.

ಹೀಗಾಗಿ ಅತ್ತೆ ಕಲಿಯಬೇಕಾಯಿತು. ಶುಕ್ರವಾರ ಮಧ್ಯಾಹ್ನ ಗಂಟೆಯಾದಾಗ ಅವರು ಮೂರು ಸಲ "ಶಿವಾ ಶಿವಾ" ಎಂದು ಎದ್ದು, ಕೊಳವೆಯನ್ನು ಹಾವಿನಂತೆ ದೂರ ಹಿಡಿದು, ಗಂಜಿಗೆ ತಂತಿಯಿಲ್ಲದೆಯೂ ಕೇಳುವಷ್ಟು ಜೋರಾಗಿ ಕೂಗಿದರು: "ಕುಡದಾಳ್ರೀ! ಉಪ್ಪ ಕಡಿಮ್ಯಾತಂತ, ಬೈಲತ್ತಾಳ! ನೀವು ಉಂಡ್ರ್ಯಾ?"